ತಳಕ್ಕೆ ಕೈ ಹಾಕದೆ ಕೊಂಡ ಕಾರು

ನಾನು ಒಂದು ಕಪ್ಪು ಸೆಡಾನ್ ಕಾರು. ಪುಣೆಯ ಆಚೆಗಿನ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನನಗಿಂತ ಸ್ವಲ್ಪ ಮುಂಚೆ ಅದೇ ಸಾಲಿನಲ್ಲಿ ಒಂದು ಬಿಳಿ ಕಾರು ಹುಟ್ಟಿತ್ತು. ನನಗೆ ಅಣ್ಣನಿದ್ದಂತೆ. ಮೇಲಿನಿಂದ ನೋಡಿದರೆ ಇಬ್ಬರ ಮೈಕಟ್ಟೂ ಒಂದೇ, ಒಳಗಿನ ಗುಣ ಬೇರೆ. ಅವನಿಗೆ ಸಣ್ಣ ಎಂಜಿನ್ ಇಟ್ಟು, ಮೆತ್ತಗಿನ ಸ್ಪ್ರಿಂಗು, ದಪ್ಪ ಟೈರು ಹಾಕಿದರು. ನನಗೆ ಅವನ ಎರಡರಷ್ಟು ಕಸುವಿನ ಎಂಜಿನ್ ಇಟ್ಟು, ಬಿಗಿಯಾದ ಸ್ಪ್ರಿಂಗು, ರೊಟ್ಟಿಯಂಥ ತೆಳ್ಳಗಿನ ಟೈರು ಹಾಕಿ, ಹೊಟ್ಟೆಯನ್ನು ನೆಲಕ್ಕೆ ಹತ್ತಿರ ಇಳಿಸಿದರು. ನನ್ನನ್ನು ಮಾಡಿದ್ದೇ ಓಡುವುದಕ್ಕೆ. ಮನಸಾರೆ ಓಡಿದ್ದು ಒಂದೇ ಒಂದು ದಿನ, ಅದೂ ಹಾಳು ಕೆಲಸಕ್ಕೆ.

ಹುಬ್ಬಳ್ಳಿಯ ಶೋರೂಮಿನಲ್ಲಿ ನನ್ನನ್ನೂ ಆ ಅಣ್ಣನದೇ ಮಾದರಿಯ ಇನ್ನೊಬ್ಬ ಬಿಳಿಯವನನ್ನೂ ಅಕ್ಕಪಕ್ಕ ನಿಲ್ಲಿಸಿದ್ದರು. ಅಲ್ಲಿಗೆ ಬಂದವನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಿವಪುತ್ರಪ್ಪ. ಜೊತೆಗೆ ಅವನ ಹೆಂಡತಿ ನೀಲವ್ವ. ಅಟ್ಟದ ಏಣಿಯಿಂದ ಬಿದ್ದ ಮೇಲೆ ಅವಳ ನಡು ಹಿಡಿದುಕೊಂಡಿತ್ತು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ಆದರೂ ಅವಳು ಕಾರು ನೋಡಲು ಬಂದದ್ದಕ್ಕೆ ಕಾರಣವಿತ್ತು. ಮುಧೋಳಕ್ಕೆ ಕೊಟ್ಟ ಒಬ್ಬಳೇ ಮಗಳು ದಾಕ್ಷಾ ಚೊಚ್ಚಲ ಬಸುರಿಯಾಗಿದ್ದಳು. ಅತ್ತೆ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡುವ ದಿನ ತಾಯಿಯೇ ಹೋಗಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮಗಳನ್ನು ತವರಿಗೆ ಕರೆತರಬೇಕು. ತಾಯಿ ಇದ್ದೂ ಬರಲಿಲ್ಲವೆಂದರೆ ಬೀಗರ ಬಾಯಿಗೆ ಎಲೆ ಅಡಿಕೆ ಸಿಕ್ಕಂತೆ.

ನೀಲವ್ವ ಬಿಳಿಯವನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಮುಚ್ಚಿ, ಕುತ್ತಿಗೆ ವಾಲಿಸಿ ನಿದ್ದೆಯೇ ಮಾಡಿಬಿಟ್ಟಳು. ಗಂಡ ಬಂದು ಎಬ್ಬಿಸಿದಾಗ ಅವಳ ಮುಖ ಹೂವಾಗಿತ್ತು.

“ನಡಾ ಹಗೂರಾತ್ರಿ. ಇದನ್ನ ತಗೊಳ್ಳೂಣು. ಬಸುರಿ ಮಗಳನ್ನ ಕರಕೊಂಡು ಬರೂದೈತಿ.”

“ಇದs ಗಾಡಿ ನಮ್ಮ ಅಣ್ಣನ ಬಾಗಲಾಗ ನಿಂತೈತಿ,” ಎಂದ ಶಿವಪುತ್ರಪ್ಪ. “ನಾನೂ ಇದನ್ನ ಒಯ್ದ್ರ ಮಾರ್ಕೆಟ್ನ್ಯಾಗ ಮಂದಿ ಏನಂತಾರ? ಅಣ್ಣನ್ನ ನೋಡಿ ತಮ್ಮ ಕಾಪಿ ಹೊಡದ ಅಂತಾರ.”

ಅಣ್ಣ ಎಂದರೆ ಗುರುಪಾದಪ್ಪ. ಅಂಗಡಿ ಪಾಲಾದ ದಿನದಿಂದ ಇಬ್ಬರಿಗೂ ಮಾತಿಲ್ಲ. ಮನೆಗಳಿಗೆ ಮಾತ್ರ ನಡುವೆ ಒಂದೇ ಗೋಡೆ. ಅವನು ಬಿಳಿ ಕಾರು ತಂದಾಗಿನಿಂದ ಇವನಿಗೆ ಅನ್ನ ಸೇರುತ್ತಿರಲಿಲ್ಲ.

ಶೋರೂಮಿನವನು ನಡುವೆ ಬಂದ. “ಸಾಹೇಬ್ರ, ನೀವs ಜೋರಾಗಿ ಓಡಸೋರಿದ್ರ ಕರೀದು. ಮನ್ಯಾಗಿನವರು ಹಿಂದ ಕುಂದ್ರೋರಿದ್ರ ಬಿಳೇದು ಛಲೋ.”

“ಗಾಡಿ ಅಂದ್ರ ಎಂಜಿನ್ನೋ ಮಾರಾಯ. ಹಿಂದಿನ ಸೀಟು ನೋಡಿ ಯಾರರ ರೊಕ್ಕಾ ಕೊಡ್ತಾರೇನು?”

ಹೀಗೆಂದು ನನ್ನ ಮುಂದಿನ ಸೀಟಿನಲ್ಲಿ ಕೂತ. ಬೈಪಾಸಿನಲ್ಲಿ ಒಂದು ಸುತ್ತು ಹೊಡೆದ. ನಾನು ಗುಡುಗಿದೆ, ಅವನು ಮೀಸೆ ತಿರುವಿದ. ಅಲ್ಲಿಗೆ ವ್ಯಾಪಾರ ಮುಗಿಯಿತು. ನೀಲವ್ವನ ಕೈಗೆ ಒಂದು ಲೋಟ ಬಾದಾಮಿ ಹಾಲು ಕೊಟ್ಟು ಸೋಫಾದಲ್ಲಿ ಕೂರಿಸಿದ್ದರು. ನನ್ನ ಹಿಂದಿನ ಬಾಗಿಲನ್ನು ಯಾರೂ ತೆರೆದು ನೋಡಲಿಲ್ಲ.

ಇದೇ ಶಿವಪುತ್ರಪ್ಪ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವುದನ್ನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ಚೀಲದ ಬಾಯಲ್ಲಿ ಕೆಂಪಗೆ ಹೊಳೆಯುವ ಕಾಯಿಗೆ ಮರುಳಾಗುವವನಲ್ಲ. ಮೊಣಕೈ ಮುಳುಗುವ ತನಕ ತೋಳಿಳಿಸಿ, ತಳದ ಕಾಯಿ ಕಿತ್ತು, ಮುರಿದು, ಬೀಜ ನೋಡಿ, ಮೂಸಿ ಆಮೇಲೆ ದರ ಹೇಳುತ್ತಿದ್ದ. ಇಂಥ ಮನುಷ್ಯ ನನ್ನನ್ನು ಮಾತ್ರ ಚೀಲದ ಬಾಯಿ ನೋಡಿ ಕೊಂಡ. ಹೊಟ್ಟೆಕಿಚ್ಚು ಕಣ್ಣಿಗೆ ಅಡ್ಡ ಬಂದರೆ ಜಾಣನೂ ಕೋಣನೇ.

ಬ್ಯಾಡಗಿಗೆ ಬಂದ ಮೇಲೆ ನನ್ನ ಗತಿ ಕೇಳಬೇಡಿ. ಗಲ್ಲಿ ತುಂಬ ಚೀಲ ಹೇರಿದ ಲಾರಿ, ಟ್ರ್ಯಾಕ್ಟರ್, ಕೈಗಾಡಿ. ಎರಡನೇ ಗೇರಿನ ಮೇಲೆ ಹೋದದ್ದೇ ಅಪರೂಪ. ಮೆಣಸಿನ ಘಾಟು ಏಸಿಯೊಳಗೆ ನುಗ್ಗಿ, ಒಳಗೆ ಕೂತವರೆಲ್ಲ ಸೀನುತ್ತಿದ್ದರು. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುತ್ತಾರಲ್ಲ, ಅದು ನಾನು. ಇದರ ಮೇಲೆ ಅವನ ಇನ್ನೊಂದು ಅಪ್ಪಣೆ: “ಸೀಟಿನ ಪ್ಲಾಸ್ಟಿಕ್ ತಗೀಬ್ಯಾಡ್ರಿ. ಹೊಸಾದು ಹೊಸಾದs ಇರಲಿ.” ನನ್ನ ಮೈಯಲ್ಲಿ ಮೆತ್ತಗಿದ್ದದ್ದು ಆ ಚರ್ಮದ ಸೀಟೊಂದೇ. ಅದಕ್ಕೂ ಶವಕ್ಕೆ ಸುತ್ತಿದಂತೆ ಹೊದಿಕೆ ಬಿತ್ತು.

ನೀಲವ್ವ ನನ್ನಲ್ಲಿ ಕೂತದ್ದು ಒಂದೇ ಸಲ. ಮೋಟೆಬೆನ್ನೂರಿನ ತನಕ ಹೋಗಿ ಬಂದಳು. ಒಂದೊಂದು ತಗ್ಗೂ ನನ್ನ ಬಿಗಿ ಸ್ಪ್ರಿಂಗಿನಿಂದ ನೇರ ಅವಳ ನಡುವಿಗೆ ಹೋಯಿತು. ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತ, ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದು, ಹಲ್ಲು ಕಚ್ಚಿ ಕೂತಿದ್ದಳು. ಮುಂದೆ ಅವನು ಸ್ಟೀರಿಂಗ್ ತಟ್ಟುತ್ತ, “ಹೆಂಗೈತಿ ಪಿಕಪ್ಪು?” ಎಂದು ಕೇಳುತ್ತಿದ್ದ. ಮನೆಗೆ ಬಂದವಳು ಹಾಸಿಗೆ ಹಿಡಿದಳು. ಅವಳನ್ನು ನೋಯಿಸಿದವನು ನಾನೇ ಎಂಬ ಸಂಕಟ ನನಗಿತ್ತು, ನನ್ನಿಂದ ಆ ಕೆಲಸ ಮಾಡಿಸಿದವನ ಮೇಲೆ ಸಿಟ್ಟೂ ಇತ್ತು.

ಕುಬಸದ ದಿನ ಬೆಳಿಗ್ಗೆ ಅವನು ನನ್ನನ್ನು ಬಾಗಿಲಿಗೆ ತಂದು ಹಾರನ್ ಹೊಡೆದ. ನೀಲವ್ವ ಹಸಿರು ಸೀರೆ, ಬಳೆಯ ಗಂಟು ಹಿಡಿದು ಹೊರಗೆ ಬಂದಳು. ನನ್ನತ್ತ ಬರಲಿಲ್ಲ. ಪಕ್ಕದ ಮನೆಯ ಮುಂದೆ ಬಿಳಿ ಕಾರು ನಿಂತಿತ್ತು. ಸ್ಟೀರಿಂಗಿನ ಮುಂದೆ ಡ್ರೈವರ್, ಹಿಂದೆ ಗುರುಪಾದಪ್ಪನ ಹೆಂಡತಿ ಕಸ್ತೂರವ್ವ ಕೂತಿದ್ದರು. ಗಂಡಂದಿರ ಜಗಳ ಈ ಇಬ್ಬರನ್ನು ಮುಟ್ಟಿರಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ಚಟ್ನಿ, ಸಾರು, ಸುದ್ದಿ ಎಲ್ಲ ಓಡಾಡುತ್ತಲೇ ಇತ್ತು.

“ಅತ್ಲಾಗ ಎಲ್ಲಿ ಹೊಂಟಿ?”

“ಅಕ್ಕಾರ ಗಾಡ್ಯಾಗ ಹೊಂಟೇನ್ರಿ. ನಿಮ್ಮ ಗಾಡ್ಯಾಗ ನನ್ನ ನಡಾನೂ ಉಳಿಯಂಗಿಲ್ಲ, ಬಸುರಿ ಕೂಸಿಗೂ ಸುಖಾ ಇಲ್ಲ.”

ಓಣಿಯ ಜನ ನೋಡುತ್ತಿದ್ದರು. ಅವನ ಮುಖ ಮೆಣಸಿನಕಾಯಿಯಾಯಿತು. “ಆ ಗಾಡಿ ಹತ್ತಿದಿ ಅಂದ್ರ ತಿರುಗಿ ಈ ಹೊಸ್ತಲಾ ತುಳೀಬ್ಯಾಡ!”

ನೀಲವ್ವ ಒಂದು ಗಳಿಗೆ ನಿಂತಳು. ಮನೆ ಬೇಕೋ ಮಗಳು ಬೇಕೋ ಎಂದು ನಡುಬೀದಿಯಲ್ಲಿ ಕೇಳಿಸಿಕೊಂಡ ಹೆಂಗಸು ನಿಲ್ಲುವಂತೆ ನಿಂತಳು. ಆಮೇಲೆ ಹೇಳಿದಳು. “ಉಡಿ ತುಂಬೂದು ತಾಯಿರಿ, ಎಂಜಿನ್ ಅಲ್ಲ.” ಬಿಳಿ ಕಾರು ಹತ್ತಿ ಬಾಗಿಲು ಹಾಕಿಕೊಂಡಳು.

ಅವನು ನನ್ನನ್ನು ಅವರ ಹಿಂದೆಯೇ ಓಡಿಸಿದ. ಬೆನ್ನಟ್ಟಿ, ದಾಟಿ, ಮುಧೋಳದಲ್ಲಿ ಮೊದಲು ಇಳಿದು, ತನ್ನ ಕಾರಿನಲ್ಲೇ ಮಗಳನ್ನು ತರುವುದು ಅವನ ಹಟ. ಹೆದ್ದಾರಿಯಲ್ಲಿ ನಾನು ಓಡಿದೆ. ಸುಳ್ಳೇಕೆ, ಖುಷಿಯೂ ಪಟ್ಟೆ. ಬಿಳಿಯವನು ಹಿಂದೆ ಉಳಿದ. ನವಲಗುಂದ ದಾಟಿದ ಮೇಲೆ ಒಂದು ಹಳ್ಳಿ. ಅಲ್ಲಿಯ ಜನ ತಾವೇ ಮಣ್ಣು, ಕಲ್ಲು ಹಾಕಿ ಆಳೆತ್ತರದ ಹಂಪ್ ಕಟ್ಟಿಕೊಂಡಿದ್ದರು. ಆಳೆತ್ತರ ಎಂದದ್ದು ನನ್ನ ಸಿಟ್ಟು; ನನ್ನ ಹೊಟ್ಟೆಗೆ ಸಾಕಾಗುವಷ್ಟಿತ್ತು. ಅವನು ಬ್ರೇಕ್ ಒತ್ತಲಿಲ್ಲ. ಕೆಳಗೆ ಏನೋ ಸೀಳಿತು, ಎಣ್ಣೆ ರಸ್ತೆಗೆ ಸುರಿಯತೊಡಗಿತು. ನಾನು ಕೆಂಪು ದೀಪ ಹಚ್ಚಿ ಕೂಗಿದೆ. ಆದರೆ ಕನ್ನಡಿಯಲ್ಲಿ ಅಣ್ಣನ ಬಿಳಿ ಕಾರು ಕಾಣಿಸಿತು. ದೀಪ ನೋಡಬೇಕಾದವನು ಕನ್ನಡಿ ನೋಡುತ್ತ ಇನ್ನಷ್ಟು ಒತ್ತಿದ. ನರಗುಂದದ ಗುಡ್ಡ ಕಾಣುವ ಹೊತ್ತಿಗೆ ನನ್ನ ಎಂಜಿನ್ ಒಳಗೊಳಗೇ ಕಚ್ಚಿಕೊಂಡು ಸತ್ತಿತು.

ಬಿಳಿಯವನು ನಮ್ಮನ್ನು ದಾಟಿ ಮೆಲ್ಲಗೆ ಹೋದ.

ಎಳೆದೊಯ್ಯುವ ಗಾಡಿಗೆ ಕಾಯುತ್ತ ಅವನು ದಿನವೆಲ್ಲ ರಸ್ತೆಯಂಚಿನಲ್ಲಿ ಕೂತ. ಇಳಿಬಿಸಿಲಿನಲ್ಲಿ ಬಿಳಿ ಕಾರು ಮರಳಿ ಬಂತು, ನಿಂತಿತು. ಹಿಂದಿನ ಗಾಜು ಇಳಿಯಿತು. ದಾಕ್ಷಾ ಹಸಿರು ಸೀರೆಯಲ್ಲಿ, ತಾಯಿಯ ಹೆಗಲಿಗೆ ತಲೆಯಿಟ್ಟಿದ್ದಳು. ಅವನು ಬಾಯಿ ತೆರೆಯುವುದರೊಳಗೆ ನೀಲವ್ವ ತುಟಿಯ ಮೇಲೆ ಬೆರಳಿಟ್ಟಳು.

“ಸಾವಕಾಶ. ನಿದ್ದಿ ಹತ್ತೈತಿ ಆಕಿಗೆ.” ಆಮೇಲೆ, “ಮುಂದಿನ ಸೀಟು ಖಾಲಿ ಐತಿ. ಬರ್ತೀರೇನು?”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅಣ್ಣನ ಕಾರು ಹತ್ತಲು ಒಲ್ಲೆನೆಂದು ಅವನು ತಲೆ ಅಲ್ಲಾಡಿಸಿದ. ಗಾಜು ಏರಿತು. ನನ್ನನ್ನು ಗ್ಯಾರೇಜಿಗೆ ಹಾಕಿ, ಮರುದಿನ ಅವನು ಲಾರಿಯೊಂದರಲ್ಲಿ ಮನೆಗೆ ಬಂದಾಗ ತಾಯಿ ಮಗಳು ಒಳಗಿದ್ದರಂತೆ. ಹೊಸ್ತಿಲು ತುಳಿಯಲೋ ಬೇಡವೋ ಎಂದು ನಿಂತವನು ಅವನೇ. ಹಿತ್ತಲ ಗೋಡೆಯ ಕಡೆಯಿಂದ ಬಂದ ಸುದ್ದಿ ಇದು.

ಹೊಸ ಎಂಜಿನ್ನಿಗೆ ದುಡ್ಡು ಸುರಿಯಲು ಅವನ ಜೀವ ಒಪ್ಪಲಿಲ್ಲ. ಮಾರಿದರೆ ಅಣ್ಣ ನಗುತ್ತಾನೆ. ಹೀಗಾಗಿ ನಾನು ಅಂಗಳದ ಮೂಲೆ ಸೇರಿದೆ. ವರ್ಷಗಳು ಕಳೆದವು. ಗುಜರಿಯವನು ಬಂದು ಸತ್ತ ಎಂಜಿನ್ನು, ಚಕ್ರ, ದೀಪ ಕಿತ್ತುಕೊಂಡು ಹೋದ. ಹಿಂದಿನ ಸೀಟನ್ನು ನೀಲವ್ವ ಕೊಡಲಿಲ್ಲ. ಅದನ್ನು ತೆಗೆಸಿ ಕಟ್ಟೆಯ ಮೇಲೆ ಇಡಿಸಿದಳು. ಕುಡುಗೋಲಿನಿಂದ ಪ್ಲಾಸ್ಟಿಕ್ಕನ್ನು ಸರಕ್ಕನೆ ಸೀಳಿ ಎಸೆದಳು. ಒಳಗಿನ ಚರ್ಮ ಹೊಸದರ ಹಾಗೇ ಇತ್ತು. ಸೀಟು ಕೆಟ್ಟದ್ದಿರಲಿಲ್ಲ, ಅದರ ಕೆಳಗಿನ ಹಟ ಕೆಟ್ಟದ್ದು. ಕಿರಿಯ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಕೂತಳು, ಬೆನ್ನು ಚಾಚಿದಳು. ನನ್ನ ಮೈಯ ಒಂದು ತುಂಡಾದರೂ ಅವಳಿಗೆ ಸುಖ ಕೊಟ್ಟಿತು ಎಂದು ನನಗೆ ಅಳು ಬರುವಂತಾಯಿತು.

ಮುದುಕನಾದ ಶಿವಪುತ್ರಪ್ಪ ಹತ್ತಿರ ಬಂದು ನಿಂತ. “ಒಂದೀಟು ಸರಿ. ನಾನೂ ಕುಂದ್ರತೇನಿ.”

ನೀಲವ್ವ ಸರಿಯಲಿಲ್ಲ. ದನಿಯನ್ನೂ ಏರಿಸಲಿಲ್ಲ.

“ನಿಮ್ಮದು ಮುಂದಿನ ಸೀಟು ಹಂಗs ಐತಲ್ರಿ. ಅದನ್ನ ನೋಡೇ ಅಲ್ಲೇನು ಗಾಡಿ ತಗೊಂಡಿದ್ದು? ಅಲ್ಲೇ ಕುಂದರ್ರಿ.”

ಅವನು ಅಂಗಳ ದಾಟಿ ಬಂದು, ತುಕ್ಕು ಹಿಡಿದ ನನ್ನ ಬಾಗಿಲನ್ನು ಎಳೆದು, ಸ್ಟೀರಿಂಗಿನ ಮುಂದೆ ಕೂತ. ಅಭ್ಯಾಸ ಬಲದಿಂದ ಕಾಲು ಒತ್ತಿದ. ನನ್ನಿಂದ ಸದ್ದು ಬರಲಿಲ್ಲ. ಕಟ್ಟೆಯ ಮೇಲೆ ಅಜ್ಜಿ, ಮೊಮ್ಮಗಳು ಇಬ್ಬರಿಗೂ ಆಗಲೇ ನಿದ್ದೆ ಹತ್ತಿತ್ತು.