ಪಿಚ್ಚರಿನೊಳಗಿನ ನೀರು

ಆ ದಿನ ಬೆಳಿಗ್ಗೆ ಹಳ್ಳದ ಮೇಲೆ ಮಂಜು ಬಿದ್ದಿತ್ತು. ಮರುಭೂಮಿಯ ಅಂಚಿನ ನಮ್ಮ ಅರೊಯೊ ಸಾರ್ಕೊ ಊರಿನಲ್ಲಿ ಮಂಜು ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವ ನೆಂಟ. ಹಿಂದಿನ ಸಂಜೆ ಬೆಟ್ಟದಾಚೆ ಎಲ್ಲೋ ಮಳೆಯಾಗಿತ್ತೇನೋ, ಒಣ ಮರಳಿನ ಮೇಲೆ ಹಾಲಿನ ಕೆನೆಯಂಥ ಪದರ ಕಟ್ಟಿತ್ತು. ಕಳ್ಳಿಮರಗಳು ಸೊಂಟದವರೆಗೆ ಅದರಲ್ಲಿ ಮುಳುಗಿ ನಿಂತಿದ್ದವು. ಚರ್ಚಿನ ಬೀಗ ತೆಗೆಯಲು ಹೊರಟಿದ್ದ ನಾನು ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ಮಂಜಿನೊಳಗಿಂದ ಒಬ್ಬ ಮನುಷ್ಯ ಕುದುರೆಯನ್ನು ನಡೆಸಿಕೊಂಡು ನಿಧಾನವಾಗಿ ಬರುತ್ತಿದ್ದ. ಒಂದು ಗಳಿಗೆ, ದೇವರ ಮುಂದೆ ಸುಳ್ಳು ಹೇಳಬಾರದು, ಅವನೇ ಬಂದ ಎಂದುಕೊಂಡೆ. ಹತ್ತಿರ ಬಂದ ಮೇಲೆ ನೋಡಿದರೆ ಪಕ್ಕದ ಮನೆಯ ಲಿಬ್ರಾದೊ, ಅವನ ಕುಂಟು ಹೇಸರಗತ್ತೆ.

ಅವನು ಎಂದರೆ ನಮ್ಮ ಪಿಚ್ಚರಿನ ಮಾರ್ಷಲ್. ಆ ಪಿಚ್ಚರಿಗೆ ಬೇರೆ ಹೆಸರಿದೆ. ಊರಿನಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ. ಅರವತ್ತೆಂಟು ವರ್ಷದ ಹಿಂದೆ, ಆಗಸ್ಟ್ ತಿಂಗಳ ಬೇಗೆಯಲ್ಲಿ, ಪಶ್ಚಿಮದ ಪಟ್ಟಣದಿಂದ ಲಾರಿಗಳಲ್ಲಿ ಬಂದವರು ಮೂರು ವಾರ ಇಲ್ಲಿದ್ದು ಅದನ್ನು ತೆಗೆದುಕೊಂಡು ಹೋದರು. ಕಥೆ ದೊಡ್ಡದೇನಲ್ಲ. ಎದೆಯ ಮೇಲೆ ಸರ್ಕಾರದ ತಗಡಿನ ನಕ್ಷತ್ರ ಹಾಕಿಕೊಂಡು ಕಾನೂನು ಕಾಯುವ ಮುದಿ ಮಾರ್ಷಲ್ ಒಬ್ಬ, ಅವನ ಜೊತೆಗೆ ಬಾಯಿಬಡುಕ ಸಹಾಯಕನೊಬ್ಬ. ಇಬ್ಬರೂ ಮೂವರು ಕೊಲೆಗಡುಕರನ್ನು ಅಟ್ಟಿಸಿಕೊಂಡು ಬರುತ್ತಾರೆ. ಬರುವಾಗ ಹಾದಿಯಲ್ಲಿ ಒಂದು ಚರ್ಚು, ಅದು ನಮ್ಮದು. ಒಳಗೆ ಒಂದು ಕೂಸಿಗೆ ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನ ನಡೆಯಬೇಕು, ಆದರೆ ಕೂಸಿನ ಹೊಣೆ ಹೊತ್ತು ನಿಲ್ಲುವ ಜ್ಞಾನತಂದೆಯಾಗಬೇಕಾದವನನ್ನು ಆ ಮೂವರೇ ಕೊಂದಿದ್ದಾರೆ. ಮಾರ್ಷಲ್ ಬಂದೂಕನ್ನು ಹೊರಗಿನ ಕಲ್ಲಿನ ಮೇಲಿಡುತ್ತಾನೆ, ಟೋಪಿ ತೆಗೆಯುತ್ತಾನೆ, ಹೊಸಿಲಲ್ಲಿ ನಿಂತು ಒಬ್ಬ ಮುದುಕಿಯನ್ನು ಒಳಗೆ ಬರಬಹುದೇ ಎಂದು ಕೇಳುತ್ತಾನೆ. ಸತ್ತವನ ಜಾಗದಲ್ಲಿ ತಾನು ನಿಲ್ಲುತ್ತಾನೆ. ಆಮೇಲೆ ಹೋಗಿ ಕಾದುತ್ತಾನೆ.

ನಮ್ಮ ಅಜ್ಜಂದಿರು ಕಂಡ ನಕ್ಷತ್ರದವರು ಬೇರೆ. ಅವರು ಬಾಗಿಲನ್ನು ಒದ್ದು ಬರುತ್ತಿದ್ದರು, ಬೇಲಿ ಕಿತ್ತು ದನ ಹೊಡೆದುಕೊಂಡು ಹೋಗುತ್ತಿದ್ದರು. ಒಳಗೆ ಬರಬಹುದೇ ಎಂದು ಕೇಳಿದವನು ಇವನೊಬ್ಬನೇ. ಇಂಥವನು ನಿಜವಾಗಿ ಎಲ್ಲಾದರೂ ಇದ್ದನೋ ಇಲ್ಲವೋ ನನಗೆ ತಿಳಿಯದು. ಇರಬೇಕಾಗಿತ್ತು. ಅದಕ್ಕೇ ವರ್ಷ ವರ್ಷವೂ ಸಂತ ಮಿಕಾಯೇಲರ ಹಬ್ಬದ ದಿನ, ಪೂಜೆ ಮುಗಿದ ಮೇಲೆ, ಚರ್ಚಿನ ಹಜಾರದ ಕಿಟಕಿಗಳಿಗೆ ಕಂಬಳಿ ಹೊಡೆದು ಕತ್ತಲೆ ಮಾಡಿಕೊಂಡು ನಾವು ಅವನನ್ನು ನೋಡುತ್ತೇವೆ. ಗುಂಡಿನ ಕಾಳಗ ಬಂದಾಗ ಹೆಂಗಸರು ಎದ್ದು ಕಾಳು ಬೆಂದಿದೆಯೇ ಎಂದು ನೋಡಲು ಹೋಗುವುದೂ ಉಂಟು. ಜ್ಞಾನಸ್ನಾನ ಬಂದಾಗ ಯಾರೂ ಏಳುವುದಿಲ್ಲ.

ಪಿಚ್ಚರಿನ ಆ ಕೂಸು ನಮ್ಮ ಊರಿನ ಒತಿಲಿಯಾ. ಆಗ ಅವಳಿಗೆ ಏಳು ದಿನ. ನಮ್ಮ ಅಂಚೆ ಕಚೇರಿಯನ್ನು ನಲವತ್ತು ವರ್ಷ ನಡೆಸಿ ಈಗ ಮನೆಯಲ್ಲಿದ್ದಾಳೆ. ಮದುವೆಯಾಗಲಿಲ್ಲ. ಮಕ್ಕಳಿಲ್ಲದವಳೆಂದೋ ಏನೋ, ಜ್ಞಾನತಾಯಿಯಾಗಿ ನಿಲ್ಲೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಈ ವರ್ಷ ತಂಗಿಯ ಮಗಳು ಮಾರಿಸೇಲಾ ತನ್ನ ಚೊಚ್ಚಲು ಮಗುವಿಗೆ ನೀನೇ ಆಗಬೇಕೆಂದು ಬಂದಳು. ಒತಿಲಿಯಾ ಮೂರು ದಿನ ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿದಳು. ಬಿಳಿಯ ದಾರ ತಂದು ಮಗುವಿಗೆ ಟೋಪಿ ಹೆಣೆಯಲು ಕೂತಳು.

ಈಸ್ಟರಿಗೆ ಹೊಸದಾಗಿ ಬಂದ ತ್ವಾನ್ ಪಾದ್ರಿಗಳು ವಿಯೆಟ್ನಾಂ ಕಡೆಯವರು, ಮೃದು ಮನುಷ್ಯ. ಜ್ಞಾನತಾಯಿಯಾಗುವವಳ ಜ್ಞಾನಸ್ನಾನದ ಚೀಟಿ ಬೇಕೆಂದರು. ಅದು ನಿಯಮ, ಅವರ ತಪ್ಪಿಲ್ಲ. ನಾನೇ ಹಳೆಯ ದಫ್ತರ ಇಳಿಸಿ ಧೂಳು ಒರೆಸಿ ಹುಡುಕಿದೆ. ಆ ವರ್ಷದ ಹಾಳೆಯಲ್ಲಿ ಅವಳ ಹೆಸರಿರಲಿಲ್ಲ. ಆಗ ಪಾದ್ರಿ ಇಲ್ಲಿಗೆ ಬರುತ್ತಿದ್ದದ್ದೇ ವರ್ಷಕ್ಕೆರಡು ಸಲ. ಅಕ್ಟೋಬರಿನಲ್ಲಿ ಅವರು ಬಂದಾಗ ಒತಿಲಿಯಾಳ ಅಮ್ಮ ಇವಳಿಗೆ ಆಗಿಹೋಗಿದೆ, ಪಿಚ್ಚರಿನಲ್ಲೇ ಆಯಿತು, ನೀರು ನೀರೇ ಅಲ್ಲವೇ, ಎಂದು ನೆರೆಹೊರೆಗೆ ಹೇಳಿ ಕೂಸನ್ನು ಕರೆತರಲೇ ಇಲ್ಲವಂತೆ. ಊರಿಗೆಲ್ಲ ಗೊತ್ತಿದ್ದ ನಗೆಮಾತು ಅದು. ದಫ್ತರ ಮುಚ್ಚುವಾಗ ಮಾತ್ರ ಅದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ.

ವೇಷ ಹಾಕಿದವನು ಹಾಕಿದ ನೀರು ಲೆಕ್ಕಕ್ಕೆ ಬರುವುದಿಲ್ಲ ಎಂದರು ಪಾದ್ರಿಗಳು. ಅವನ ಮನಸ್ಸಿನಲ್ಲಿ ಅದು ಆಟ. ಆದರೂ ದಾರಿಯಿದೆ, ಈಗಾಗಲೇ ಆಗಿರದಿದ್ದರೆ ಎಂಬ ಮಾತು ಸೇರಿಸಿ ನಾನು ಭಾನುವಾರ ನೀರು ಹಾಕುತ್ತೇನೆ, ಎರಡು ನಿಮಿಷದ ಕೆಲಸ, ಎಂದರು. ಒತಿಲಿಯಾ ಒಲ್ಲೆನೆಂದು ತಲೆ ಅಲ್ಲಾಡಿಸಿ ಎದ್ದು ಬಂದಳು.

ಅವಳ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ತೊರ್ತೀಯಾ ರೊಟ್ಟಿ ಸೀಯುತ್ತಿತ್ತು, ಅವಳಿಗೆ ಅದರ ಪರಿವೆಯಿಲ್ಲ. ನಾನೇ ಮಗುಚಿ ಹಾಕಿದೆ.

“ಕೊಮಾದ್ರೆ,” ಎಂದಳು. ನಮ್ಮಲ್ಲಿ ಗೆಳತಿಯರು ಒಬ್ಬರನ್ನೊಬ್ಬರು ಕರೆಯುವುದು ಹಾಗೆ. “ಜ್ಞಾನಸ್ನಾನ ಆದವರಿಗಷ್ಟೇ ಕೊಡೋ ಪ್ರಸಾದಾನ ಅರವತ್ತು ವರ್ಷದಿಂದ ತಗೊಂಡಿದೀನಿ. ಕರೀದೇ ಇರೋ ಮನೇಲಿ ಊಟಕ್ಕೆ ಕೂತವಳ ಹಾಗಾಯ್ತಲ್ಲ ನಂದು.”

“ಭಾನುವಾರ ಹಾಕಿಸ್ಕೊಂಡ್ರೆ ಮುಗೀತಲ್ಲ ಮಾರಾಯ್ತಿ. ಎರಡು ನಿಮಿಷ.”

“ಹಾಕಿಸ್ಕೊಂಡ್ರೆ ನಮ್ಮಮ್ಮ ಮಾಡಿದ್ದು ಸುಳ್ಳು ಅಂತ ನಾನೇ ಒಪ್ಕೊಂಡ ಹಾಗೆ. ಅವಳೇನು ಮೋಸಗಾರ್ತಿನಾ? ಊರೆಲ್ಲ ನೋಡಿದೆ. ನೀನೂ ಅಲ್ಲೇ ಇದ್ದೆ. ನೀರು ಬೀಳೋದು ನೀನು ನೋಡಿಲ್ವಾ?”

ನೋಡಿದ್ದೇನೆ ಎಂದೆ. ಒಂಬತ್ತು ವರ್ಷದವಳು, ಹೆಂಗಸರ ಗುಂಪಿನಲ್ಲಿ ಲಂಗ ಹಿಡಿದು ನಿಂತಿದ್ದೆ. ಪಾದ್ರಿವೇಷದವನು ಬೆಳ್ಳಿಯ ಬಟ್ಟಲೆತ್ತಿದ್ದು, ನೀರು ಎಳೆಯಾಗಿ ಇಳಿದದ್ದು, ಕೂಸು ಕಣ್ಣು ಮುಚ್ಚಿದ್ದು, ಎಲ್ಲವೂ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

“ಹಾಗಾದ್ರೆ ಪಾದ್ರಿಗಳೂ ಪಿಚ್ಚರಲ್ಲಿ ನೋಡ್ಲಿ,” ಎಂದಳು. ಹೆಣೆದಿದ್ದ ಟೋಪಿಯನ್ನು ಮಡಿಚಿ ಡಬ್ಬಿಯೊಳಗಿಟ್ಟಳು. ಭಾನುವಾರದೊಳಗೆ ತೀರ್ಮಾನವಾಗದಿದ್ದರೆ ಮಾರಿಸೇಲಾ ಗಂಡನ ಕಡೆಯವರನ್ನು ಕೇಳಬೇಕಾಗುತ್ತಿತ್ತು. ಹಬ್ಬ ಬಂದದ್ದು ಶನಿವಾರ, ಆ ಮಂಜಿನ ದಿನವೇ.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ ಬಿಸಿಲು ಚುರುಗುಟ್ಟುತ್ತಿತ್ತು. ಕಂಬಳಿಗಳ ಹಿಂದೆ ಹಜಾರ ತಂಪಾಗಿತ್ತು. ಮಾರಿಸೇಲಾಳ ಗಂಡ ಪ್ರೊಜೆಕ್ಟರ್ ಹಚ್ಚಿದ. ಪಾದ್ರಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಅವರ ಪಕ್ಕ ಒತಿಲಿಯಾ, ಅವಳ ಪಕ್ಕ ನಿಕಾನೊರ್. ನಿಕಾನೊರ್‌ಗೆ ಇಪ್ಪತ್ತನೆಯ ವಯಸ್ಸಿನಲ್ಲಿ ಗಣಿಯ ಸ್ಫೋಟದಲ್ಲಿ ಎರಡೂ ಕಿವಿ ಹೋದವು. ನಮ್ಮ ಊರ ಮಾತನ್ನು ಎದುರಿನವರ ತುಟಿ ನೋಡಿ ತಿಳಿಯುತ್ತಾನೆ, ಪಿಚ್ಚರಿನವರಾಡುವ ಇಂಗ್ಲಿಷಿನ ತುಟಿ ಮಾತ್ರ ಅವನಿಗೆ ಒಗ್ಗದು.

ಗೋಡೆಯ ಮೇಲೆ ನಮ್ಮ ಬೆಟ್ಟ ಬಂತು, ಗಣಿ ಕೊರೆಯುವ ಮೊದಲಿನ ಇಡೀ ಬೆಟ್ಟ. ಯಾರೋ ನಿಟ್ಟುಸಿರಿಟ್ಟರು. ಅಗೋ ನಮ್ಮಪ್ಪನ ಬೆನ್ನು ಎಂದರು ಒಬ್ಬರು, ಆ ನಾಯಿ ನಮ್ಮದು ಎಂದರು ಇನ್ನೊಬ್ಬರು. ಸತ್ತವರೆಲ್ಲ ಆ ಬೆಳಕಿನಲ್ಲಿ ಬೇಲಿಗೆ ಒರಗಿ ನಿಂತಿದ್ದಾರೆ, ನೀರು ಸೇದುತ್ತಿದ್ದಾರೆ, ಬಿಸಿಲಿಗೆ ಕೈ ಅಡ್ಡ ಹಿಡಿದು ನಮ್ಮತ್ತ ನೋಡುತ್ತಿದ್ದಾರೆ. ನನಗೆ ಆಗಾಗ ಅನ್ನಿಸುವುದಿದೆ, ಪರಲೋಕವೂ ಹೀಗೇ ಇರಬಹುದು, ಯಾರಿಗೂ ಅವಸರವಿಲ್ಲದ ಒಂದು ಆಗಸ್ಟ್ ತಿಂಗಳು.

ಶವಸಂಸ್ಕಾರದ ಭಾಗ ಬಂತು. ಎಲ್ಲರೂ ಗಂಭೀರವಾಗಿರುವಾಗ ನಿಕಾನೊರ್ ಎಂದಿನಂತೆ ಕಿಸಕ್ಕನೆ ನಕ್ಕ. ಮುದುಕರ ವಾಡಿಕೆ ಎಂದು ಯಾರೂ ಗಮನಿಸಲಿಲ್ಲ.

ಆಮೇಲೆ ಮಾರ್ಷಲ್ ಹೊಸಿಲಿಗೆ ಬಂದ. ಟೋಪಿ ತೆಗೆದ. ಹಜಾರವೆಲ್ಲ ಅವನ ಜೊತೆಗೆ ಮೆಲ್ಲಗೆ ಕೇಳಿತು, ಒಳಗೆ ಬರಬಹುದೇ ಎಂದು. ಪಿಟೀಲು ಶುರುವಾಯಿತು.

“ಈಗ,” ಎಂದಳು ಒತಿಲಿಯಾ.

ಪಾದ್ರಿಗಳು ಮುಂದಕ್ಕೆ ಬಾಗಿ ನೋಡಿದರು. ನೋಡಿ, ಮತ್ತೊಮ್ಮೆ ತೋರಿಸಲು ಹೇಳಿದರು. ಮಾರಿಸೇಲಾಳ ಗಂಡ ಹಿಂದಕ್ಕೆ ತಿರುಗಿಸಿದ. ಮೂರನೆಯ ಸಲವೂ ತೋರಿಸಿದ.

ನೀರು ಬೀಳುವುದು ಆ ಪಿಚ್ಚರಿನಲ್ಲಿ ಇಲ್ಲ.

ಪಾದ್ರಿವೇಷದವನ ಎರಡು ಕೈಯಲ್ಲೂ ದಪ್ಪ ಪುಸ್ತಕ. ಅವನು ಬಾಯಿ ತೆರೆಯುತ್ತಲೇ ಮಾರ್ಷಲ್ಲನ ಮುಖ ಬರುತ್ತದೆ, ಗೋಡೆ ತುಂಬ ಆ ಮುಖ, ಒದ್ದೆಯಾದ ಆ ಕಣ್ಣು. ಅಷ್ಟೆ. ಬೆಳ್ಳಿಯ ಬಟ್ಟಲೂ ಇಲ್ಲ, ಎಳೆಯಾಗಿ ಇಳಿಯುವ ನೀರೂ ಇಲ್ಲ. ಅರವತ್ತೆಂಟು ವರ್ಷ ಇಡೀ ಊರು ಆ ಮುಖದಲ್ಲೇ ನೀರನ್ನು ಕಂಡಿತ್ತು. ನಾನೂ ಕಂಡಿದ್ದೆ, ಅಲ್ಲೇ ನಿಂತಿದ್ದವಳು.

ಒತಿಲಿಯಾ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ಕೂತಳು. ಪಾದ್ರಿಗಳು ಅವಳ ಕಡೆ ತಿರುಗಿ ನೋಡಿದರು, ಪ್ರೊಜೆಕ್ಟರಿನವನಿಗೆ ಮುಂದೆ ಓಡಿಸು ಎಂದು ಕೈಸನ್ನೆ ಮಾಡಿದರು. ಮಾರ್ಷಲ್ಲನ ಮುಖ ಸರಿದು ಮತ್ತೆ ಇಡೀ ಚರ್ಚು ಕಂಡಿತು. ಆಗ ಅವರೇ “ತಡಿ, ನಿಲ್ಸು” ಎಂದರು.

ಕೂಸು ಅಮ್ಮನ ಕೈಯಲ್ಲಿ ಇಲ್ಲ. ಮೂಲೆಯಲ್ಲಿ ಸೂಲಗಿತ್ತಿ ತ್ರಾನ್ಸಿತೊ ಅದನ್ನು ತೋಳಿನ ಮೇಲೆ ಮಲಗಿಸಿಕೊಂಡಿದ್ದಾಳೆ. ಮಾರ್ಷಲ್ಲನಿಗೆ ಒಳಗೆ ಬಾ ಎಂದ ಮುದುಕಿ ಅವಳೇ. ಎದುರಿಗೆ ಕಲ್ಲಿನ ತೊಟ್ಟಿ. ಅವಳ ಬೆರಳುಗಳಿಂದ ಹನಿ ತೊಟ್ಟಿಕ್ಕುತ್ತಿದೆ. ಕೂಸಿನ ಕೂದಲು ತಲೆಗೆ ಅಂಟಿದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿ ಓಡಿಸಿ ಮತ್ತೆ ನಿಲ್ಲಿಸಿದರೆ ತ್ರಾನ್ಸಿತೊಳ ತುಟಿ ಅಲ್ಲಾಡುವುದೂ ಕಂಡಿತು, ಮೇಲೆ ಪಿಟೀಲು.

“ಅವಳು ಏನಂತಾಳೆ?” ಎಂದರು ಪಾದ್ರಿಗಳು. ಯಾರಿಗೆ ಗೊತ್ತು. ಆ ಪಿಟೀಲಿನಡಿ ಏನು ಕೇಳೀತು.

ನಿಕಾನೊರ್ ಪಾದ್ರಿಗಳ ತುಟಿಯನ್ನೇ ನೋಡುತ್ತಿದ್ದ. ಕಿವುಡರ ದೊಡ್ಡ ಗಂಟಲಿನಲ್ಲಿ ಕೇಳಿದ, “ಯಾಕೆ, ನಿಮಗೆ ಕೇಳ್ಸಲ್ವಾ?”

ಪಾದ್ರಿಗಳು ಅವನ ಎದುರಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ನಾವು ಹಿರಿಯರನ್ನು ಕರೆಯುವಂತೆ ದೋನ್ ಸೇರಿಸಿ ಹೇಳಿದರು. “ಇಲ್ಲ ದೋನ್ ನಿಕಾನೊರ್. ಬರೀ ಪಿಟೀಲು ಕೇಳ್ಸುತ್ತೆ. ನೀವು ಹೇಳಿ.”

“ಒತಿಲಿಯಾ, ಪಿತನ, ಸುತನ, ಪವಿತ್ರಾತ್ಮನ ಹೆಸರಲ್ಲಿ ನಿನಗೆ ಜ್ಞಾನಸ್ನಾನ ಕೊಡ್ತೀನಿ ಅಂತಾಳೆ. ಪ್ರತಿ ವರ್ಷವೂ ಅದನ್ನೇ ಅಂತಾಳೆ.” ಅವನು ಸುತ್ತ ನೋಡಿದ. “ಹೆಣದ ಹಿಂದೆ ಹೋಗೋರು ಕಾಳು ಆರಿ ಹೋಯ್ತು ಅಂತ ಬಯ್ಕೊಳ್ಳೋದೂ ನಿಮಗೆ ಕೇಳ್ಸಲ್ವಾ? ಮತ್ತೆ ಇಷ್ಟು ವರ್ಷ ಏನು ನೋಡ್ತಾ ಇದ್ರಿ?”

ಹಜಾರದಲ್ಲಿ ನಗು ಎದ್ದಿತು. ಪಾದ್ರಿಗಳು ನಗಲಿಲ್ಲ. ಪಿಚ್ಚರಿನೊಳಗೆ ಕೂಸಿನ ಹೆಸರೇನು ಎಂದು ನನ್ನನ್ನು ಕೇಳಿದರು. ರೊಸಾಲ್ಬಾ ಎಂದೆ. ಹೇಳಿದ ಮೇಲೆ ನನಗೂ ಅರ್ಥವಾಯಿತು. ಆಟದ ಕೂಸಿಗೆ ಒಂದು ಹೆಸರು. ತ್ರಾನ್ಸಿತೊ ಕರೆದದ್ದು ಇನ್ನೊಂದು, ಕೂಸಿನ ನಿಜವಾದ ಹೆಸರು.

ಪಾದ್ರಿ ಬರುವ ಹೊತ್ತಿಗೆ ಕೂಸು ಉಳಿಯುತ್ತದೋ ಇಲ್ಲವೋ ಎಂಬ ಭಯವಿದ್ದಾಗ ಸೂಲಗಿತ್ತಿಯರೇ ನೀರು ಹಾಕುವುದು ನಮ್ಮ ಕಣಿವೆಯಲ್ಲಿ ಹಿಂದಿನಿಂದ ನಡೆದು ಬಂದದ್ದು. ಚರ್ಚು ಅದನ್ನು ಒಪ್ಪುತ್ತದೆ. ಏಳು ದಿನದ ಕೂಸು, ಕುಲುಮೆಯಂಥ ದೀಪಗಳು, ಆಗಸ್ಟ್ ತಿಂಗಳು. ಅವಳಿಗೆ ಭಯವಾಗಿರಬೇಕು. ಎಲ್ಲರ ಕಣ್ಣೂ ಮಾರ್ಷಲ್ಲನ ಮೇಲಿದ್ದಾಗ ಅವಳು ತನ್ನ ಕೆಲಸ ಮುಗಿಸಿದಳು. ಪಾದ್ರಿ ಬಂದಾಗ ಹೇಳೋಣ ಎಂದುಕೊಂಡಿದ್ದಳೇನೋ. ಆ ಸೆಪ್ಟೆಂಬರಿನಲ್ಲಿ ಅವಳೇ ತೀರಿಕೊಂಡಳು.

ಒತಿಲಿಯಾ ಎದ್ದು ಗೋಡೆಯ ಹತ್ತಿರ ಹೋದಳು. ಬೆಳಕು ಅವಳ ಬೆನ್ನಿನ ಮೇಲೆ ಬಿತ್ತು, ತ್ರಾನ್ಸಿತೊಳ ತೋಳು ಅವಳ ಹೆಗಲ ಮೇಲೆ ಬಂತು. ಮುಂದೆ ಓಡಿಸು ಎಂದು ಯಾರೂ ಹೇಳಲಿಲ್ಲ.

ಊಟದ ಹೊತ್ತಿನಲ್ಲಿ ಪಾದ್ರಿಗಳು ದಫ್ತರ ತರಿಸಿಕೊಂಡು ಆ ವರ್ಷದ ಹಾಳೆಯ ಅಡಿಯಲ್ಲಿ ಬರೆದರು. ನೀರು ಹಾಕಿದವರು, ಸೂಲಗಿತ್ತಿ ತ್ರಾನ್ಸಿತೊ. ಸಾಕ್ಷಿ ಎಂದು ನಿಕಾನೊರ್ ಸಹಿ ಮಾಡಿದ. ಜ್ಞಾನತಂದೆಯ ಜಾಗಕ್ಕೆ ಮಾರ್ಷಲ್ ಎಂದು ಬರೆಯಿರಿ ಎಂದು ಲಿಬ್ರಾದೊ ತಮಾಷೆ ಮಾಡಿದ. ಪಾದ್ರಿಗಳು ಪೆನ್ನು ಹಿಡಿದು ಸ್ವಲ್ಪ ಯೋಚಿಸಿದರು, ಆಮೇಲೆ ಯಾರ ಹೆಸರೂ ಬರೆಯದೆ ಅಲ್ಲಿ ಒಂದು ಗೆರೆ ಎಳೆದರು.

ಒತಿಲಿಯಾ ಅಂಗಳದ ತೊಟ್ಟಿಯ ಬಳಿ ಮೊಣಕೈವರೆಗೆ ನೊರೆ ಮಾಡಿಕೊಂಡು ತಟ್ಟೆ ತೊಳೆಯುತ್ತಿದ್ದಳು. ಪಾದ್ರಿಗಳು ಚೀಟಿಯ ಶಾಯಿ ಆರಲು ಊದುತ್ತ ಅವಳ ಹತ್ತಿರ ಹೋಗಿ ನಿಂತರು.

“ದೋನ್ಯಾ ಒತಿಲಿಯಾ, ಇದು ನಿಮ್ಮದು. ಚರ್ಚೇ ಬಾಕಿ ಇಟ್ಕೊಂಡಿತ್ತು.”

ಅವಳು ಎರಡೂ ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಮೇಲೆ ಕೆಳಗೆ ಚೆನ್ನಾಗಿ ಒರೆಸಿಕೊಂಡು, ಚೀಟಿಯನ್ನು ತೆಗೆದುಕೊಂಡಳು.