ಸಾರಿ ಹೇಳುವ ಹಲ್ಲು

ನಮ್ಮ ಯಜಮಾನರು ಯಾರಿಗಾದರೂ ಸಾರಿ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಜನ ಆ ಪದವನ್ನು ಎಷ್ಟು ಧಾರಾಳವಾಗಿ ಬಳಸುತ್ತಾರೆ. ಬಸ್ಸಿನಲ್ಲಿ ಕಾಲು ತುಳಿದರೆ ಸಾರಿ, ಮಾತು ಕೇಳಿಸದಿದ್ದರೆ ಸಾರಿ, ಕೆಲಸ ಕೊಡುವುದಿಲ್ಲ ಎನ್ನುವ ಮೊದಲು ಸಾರಿ, ಸಾವಿನ ಮನೆಯಲ್ಲಿ ತಾವೇನೂ ಕೊಲ್ಲದಿದ್ದರೂ ಸಾರಿ. ಇವರು ಮಾತ್ರ ಕಾಲು ತುಳಿದು, "ಅಲ್ಯಾಕೆ ಇಟ್ಟಿದ್ರಿ ಕಾಲು?" ಎನ್ನುವ ಪೈಕಿ.

ನನ್ನ ನಾದಿನಿ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಬೇಸಿಗೆಯಲ್ಲಿ ಒಮ್ಮೆ ಅವಳ ಹೊಸ ವಿದ್ಯಾರ್ಥಿನಿಯ ಎದುರಿಗೇ ಇವರು, "ಇವಳ ಹತ್ರ ಕಲಿತ್ರೆ ಲೈಸೆನ್ಸ್ ಬದಲು ಪ್ಲಾಸ್ಟರ್ ಸಿಗುತ್ತೆ" ಎಂದುಬಿಟ್ಟರು. ಆ ಹೆಂಗಸು ಮತ್ತೆ ಬರಲಿಲ್ಲ. ಇವರಿಗೆ ಸೈಕಲ್ಲೂ ಬರುವುದಿಲ್ಲ, ಆ ಮಾತು ಬೇರೆ. ಅಂದಿನಿಂದ ನಾದಿನಿ ಅಣ್ಣನ ಜೊತೆ ಮಾತು ಬಿಟ್ಟಳು. ಈಗ ಮಗಳ ಊರಿಗೆ ಹೋಗಿ ನೆಲೆಸಲು ಸಾಮಾನು ಕಟ್ಟುತ್ತಿದ್ದಳು. ಈ ಮುನಿಸೂ ಗಂಟುಮೂಟೆಯ ಜೊತೆ ಹೊರಟರೆ ಇಬ್ಬರೂ ಇನ್ನು ಮುಖ ನೋಡುವುದಿಲ್ಲ ಎಂದು ನನಗೆ ಹೆದರಿಕೆ. ಆದರೂ ಇವರ ಹೊಸ ಹಲ್ಲಿನ ಸೆಟ್ಟು ಕೂರಿಸುವ ದಿನ ಕಾರು ತಂದವಳು ಅವಳೇ. ಇವರ ಸೀಟಿನಲ್ಲಿ ಬೆನ್ನಿಗೊಂದು ದಿಂಬನ್ನೂ ಇಟ್ಟಿದ್ದಳು.

ಸೆಟ್ಟು ತಯಾರಿಸಿದಾಕೆ ಅದನ್ನು ಇವರ ಬಾಯೊಳಗೆ ಕೂರಿಸಿ, "ಸಾರಿ ಅನ್ನಿ" ಎಂದಳು.

"ಯಾಕೆ? ನಾನೇನು ಮಾಡ್ದೆ?"

"ಏನೂ ಮಾಡಿಲ್ಲ. ಗಾಳಿ ಸೀಟಿ ಹೊಡೆಯುತ್ತಾ ಅಂತ ನೋಡ್ಬೇಕು. ಎಲ್ಲರ ಕೈಲೂ ಅದನ್ನೇ ಹೇಳಿಸೋದು."

"ಸೌತೆಕಾಯಿ ಅಂತೀನಿ. ಸೂಜಿ ಅಂತೀನಿ."

"ದಿನಾ ಸೌತೆಕಾಯಿ ಅಂತ ಯಾರು ಓಡಾಡ್ತಾರೆ ತಾತ?"

ಬಾಗಿಲ ಪಕ್ಕದ ಬೆಂಚಿನಲ್ಲಿ ನನ್ನೊಡನೆ ಕೂತಿದ್ದ ನಾದಿನಿ ನನ್ನ ಕಡೆಗೇ ನೋಡುತ್ತ, "ಅತ್ತಿಗೆ, ನಿಮ್ಮವರಿಗೆ ಬೇಗ ಮುಗಿಸೋಕೆ ಹೇಳಿ, ಕಾರು ನೆರಳಲ್ಲಿ ನಿಲ್ಲಿಸಿಲ್ಲ" ಎಂದಳು.

ಇವರು ಗೋಡೆಗೆ ಹೇಳಿದಂತೆ "ಸಾರಿ" ಎಂದರು. ಸೀಟಿ ಬಂತು. ಆಕೆ ಸೆಟ್ಟು ತೆಗೆದು ಉಜ್ಜಿ ಮತ್ತೆ ಕೂರಿಸಿದಳು. ಇನ್ನೊಮ್ಮೆ ಹೇಳಿದರು, ಸೀಟಿ ಸಣ್ಣದಾಯಿತು. ಆಮೇಲೆ ಪೂರ್ತಿ ನಿಂತಿತು. ಆಕೆ ನಮ್ಮ ಬೆಂಚಿನ ಕಡೆ ಒಮ್ಮೆ ನೋಡಿ, "ಇನ್ನೊಂದು ಸಲ, ಸ್ವಲ್ಪ ಬಾಗಿಲ ಕಡೆ ತಿರುಗಿ ಹೇಳಿ" ಎಂದಳು. ಅದಕ್ಕೆ ಹಲ್ಲಿನ ವಿದ್ಯೆಯಲ್ಲಿ ಏನು ಕಾರಣವಿತ್ತೋ ನಾನು ಕೇಳಲಿಲ್ಲ. ಆಕೆಯ ಕೈಗೆ ಮನಸ್ಸಿನಲ್ಲೇ ಮುತ್ತು ಕೊಟ್ಟೆ.

ಇವರು ತಿರುಗಿದರು. "ಸಾರಿ" ಎಂದರು. ಅಚ್ಚುಕಟ್ಟಾಗಿ ಬಂತು, ರೇಡಿಯೋದವರ ಹಾಗೆ.

"ಅತ್ತಿಗೆ, ಅದು ಹಲ್ಲು ಹೇಳಿದ್ದು" ಎಂದಳು ನಾದಿನಿ. ಕೀಲಿ ಹಿಡಿದು ಎದ್ದೇಬಿಟ್ಟಳು.

ಇವರ ಮುಖ ಬಾಡಿತು. ಆಮೇಲೆ ಬಾಯಿಗೆ ಬೆರಳು ಹಾಕಿ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಕಿತ್ತು ತಟ್ಟೆಯಲ್ಲಿಟ್ಟರು. ಬೊಚ್ಚುಬಾಯಲ್ಲಿ ತಂಗಿಯನ್ನು ನೋಡಿ ಹೇಳಿದರು. ಪದ ಪೂರ್ತಿ ಗಾಳಿಯಾಗಿ, ಜೊತೆಗೊಂದಿಷ್ಟು ಎಂಜಲಾಗಿ ಬಂತು.

ನಾದಿನಿ ಬಾಗಿಲಲ್ಲೇ ನಿಂತಳು.

"ಕೇಳಿಸ್ಲಿಲ್ಲ" ಎಂದಳು, ನನಗಲ್ಲ.

"ಕೇಳಿಸಿದೆ ನಿಂಗೆ."

"ಕೇಳಿಸ್ತು. ಬಾಯಿ ಮುಚ್ಕೋ ಅಣ್ಣ, ನೋಡಕ್ಕಾಗಲ್ಲ." ಕರವಸ್ತ್ರ ತೆಗೆದು ಅವರ ಗಲ್ಲ ಒರೆಸಿದಳು, ಬೇಕಿದ್ದಕ್ಕಿಂತ ಜೋರಾಗಿಯೇ. "ಅಲ್ಲಿ ಮನೆ ಹಿಡಿದ ಮೇಲೆ ಅತ್ತಿಗೆ ಜೊತೆ ಬಾ. ಹಲ್ಲು ಹಾಕ್ಕೊಂಡು ಬಾ. ಮಗಳ ಅತ್ತೆ ಮನೆಯವರ ಮುಂದೆ ನನ್ನ ಮಾನ ಕಳೀಬೇಡ."

"ಕಾರಲ್ಲಿ ಕರ್ಕೊಂಡು ಹೋಗ್ತೀಯಾ?"

"ಬಸ್ಸಲ್ಲಿ ಬಾ. ನನ್ನ ಕಾರಲ್ಲಿ ಪ್ಲಾಸ್ಟರ್ ಸಿಗುತ್ತಂತೆ."