ದರ್ಜಿಯ ಎದೆಯಲ್ಲಿ ಸೂಜಿ

"ಎಕ್ಸ್-ರೇ ತೆಗೆಯೋದಕ್ಕೆ ವರ್ಷಗಟ್ಟಲೆ ಓದಬೇಕೇನೇ? ಮೂಲೆ ಲ್ಯಾಬಿನವನು ಮೂರೇ ತಿಂಗಳಲ್ಲಿ ಕಲಿಸ್ತಾನಂತೆ. ಅಲ್ಲಿಗೇ ಹೋಗು."

ದರ್ಜಿಯದು ದಿನಾ ಇದೇ ರಾಗ. ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ಓದಿ ಪಾಸಾಗಿದ್ದ ಮಗಳಿಗೆ ಕಾಲೇಜು ಸೇರಿ ಎಕ್ಸ್-ರೇ ಟೆಕ್ನಿಷಿಯನ್ ಆಗುವ ಆಸೆ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ದರ್ಜಿಗೆ ಕೆಮ್ಮು ಹತ್ತಿತು. ಡಾಕ್ಟರು ಎದೆಯ ಎಕ್ಸ್-ರೇ ಬೇಕೆಂದರು. ಮಗಳನ್ನು ಕರೆದುಕೊಂಡು ಅದೇ ಮೂಲೆ ಲ್ಯಾಬಿಗೆ ಹೋದ. ಚಿತ್ರ ನೋಡಿದ ಲ್ಯಾಬಿನವನ ಮುಖ ಬಿಳಿಚಿಕೊಂಡಿತು.

"ಯಜಮಾನ್ರೇ, ನಿಮ್ಮ ಎದೆಯಲ್ಲಿ ಸೂಜಿ ಇದೆ!"

ದರ್ಜಿಯ ಜೀವ ಬಾಯಿಗೆ ಬಂತು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕೆಲಸ ಮಾಡುವ ಆಸಾಮಿ ಅವನು. ಬೇಡ ಬೇಡ ಎಂದು ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಳು. ಯಾವತ್ತೋ ನುಂಗಿಬಿಟ್ಟಿದ್ದೇನೆ, ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡು, ಮಗಳ ಕೈ ಹಿಡಿದು ದೊಡ್ಡ ಆಸ್ಪತ್ರೆಗೆ ಓಡಿದ.

ಅಲ್ಲಿನ ಟೆಕ್ನಿಷಿಯನ್ ಹೆಂಗಸು ಚಿತ್ರವನ್ನು ನೋಡಿದಳು. ಆಮೇಲೆ ದರ್ಜಿಯನ್ನು ನೋಡಿದಳು.

"ಅಣ್ಣಾ, ಅಲ್ಲಿ ಅಂಗಿ ಬಿಚ್ಚಿಸಿದ್ರಾ?"

"ಇಲ್ಲಮ್ಮ, ಹಾಗೇ ನಿಂತ್ಕೊಳ್ಳಿ ಅಂದ."

"ಜೇಬಿನ ಪಕ್ಕ ಮುಟ್ಟಿ ನೋಡ್ಕೊಳ್ಳಿ."

ಸೂಜಿ ಅಲ್ಲೇ ಇತ್ತು, ದಾರದ ಸಮೇತ! ಕೆಲಸದ ನಡುವೆ ಅಂಗಿಗೆ ಚುಚ್ಚಿಟ್ಟುಕೊಳ್ಳುವುದು ಅವನ ಹಳೇ ಚಾಳಿ. ಟೆಕ್ನಿಷಿಯನ್ ಡಾಕ್ಟರನ್ನು ಕೇಳಿ, ಅಂಗಿ ಬಿಚ್ಚಿಸಿ, ಇನ್ನೊಮ್ಮೆ ಎಕ್ಸ್-ರೇ ತೆಗೆದಳು. ಸೂಜಿಯ ಸುಳಿವೇ ಇಲ್ಲ. ಬರೀ ಶೀತದ ಕೆಮ್ಮು ಎಂದರು ಡಾಕ್ಟರು. ದರ್ಜಿಗೆ ಹೋದ ಜೀವ ಬಂದಂತಾಯಿತು. ಬೆಂಚಿನ ಮೇಲೆ ಕುಸಿದು ಕೂತು ನಕ್ಕ, ಕಣ್ಣೊರೆಸಿಕೊಂಡ, ಮತ್ತೆ ನಕ್ಕ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದಳು ಮಗಳು.

"ಸುಮ್ನಿರೇ!" ಎಂದು ಅವಳನ್ನು ಗದರಿ, ದರ್ಜಿ ಟೆಕ್ನಿಷಿಯನ್ ಹೆಂಗಸನ್ನು ಕೇಳಿದ, "ಇದನ್ನೆಲ್ಲ ಎಲ್ಲಿ ಕಲಿತೆ ತಾಯಿ?"

"ಎರಡು ವರ್ಷ ಡಿಪ್ಲೊಮಾ ಓದಿದೆ ಅಣ್ಣ. ಇನ್ನೂ ಹೆಚ್ಚು ಓದೋರಿಗೆ ಪದವಿನೂ ಇದೆ. ದೇಹದೊಳಗೆ ಏನೇನು ಎಲ್ಲೆಲ್ಲಿದೆ, ಕಿರಣ ಎಷ್ಟು ಬಿಡಬೇಕು, ರೋಗಿನೂ ನಾವೂ ಹೇಗೆ ಹುಷಾರಾಗಿರಬೇಕು, ಎಲ್ಲ ಹೇಳ್ಕೊಡ್ತಾರೆ. ಆಸ್ಪತ್ರೆಯಲ್ಲೇ ಕೆಲಸ ಕಲಿಸ್ತಾರೆ."

ದರ್ಜಿ ಮಗಳ ಕಡೆ ತಿರುಗಿದ. "ಗುಂಡಿಗೆ ನೆಟ್ಟಗೆ ಒಂದು ಕಾಜಾ ಹಾಕೋದು ಕಲಿಯೋಕೇ ನನಗೆ ವರ್ಷ ಹಿಡೀತು. ನೀನು ಮನುಷ್ಯರ ಜೀವದ ಕೆಲಸ ಮಾಡೋಳು. ಕಾಲೇಜಿಗೇ ಸೇರ್ಕೋ."

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ಅವನ ಕೆಮ್ಮೇ ಅರ್ಧ ಇಳಿದಿತ್ತು.

ನಿಮ್ಮ ಮನೆಯಲ್ಲೂ ವಿಜ್ಞಾನ ಓದಿದ ಮಕ್ಕಳಿದ್ದಾರೆಯೇ? ಈ ದಾರಿಯನ್ನೂ ಅವರಿಗೆ ತೋರಿಸಿ. ಸೇರಿಸುವ ಮುಂಚೆ ಕೋರ್ಸಿಗೆ ಸರ್ಕಾರದ ಮಾನ್ಯತೆ ಇದೆಯೇ, ಆಸ್ಪತ್ರೆಯಲ್ಲಿ ತರಬೇತಿ ಕೊಡುತ್ತಾರೆಯೇ ಎಂದು ವಿಚಾರಿಸಿ. ಅಡ್ಡದಾರಿಯ ಮಾತಿಗೆ ಮರುಳಾಗಬೇಡಿ. ಹಾಂ, ಎಕ್ಸ್-ರೇಗೆ ಹೋಗುವಾಗ ಅಂಗಿಯನ್ನೊಮ್ಮೆ ತಡವಿ ನೋಡಿಕೊಳ್ಳಿ.